ಅಪವರ್ತನ ಮೊತ್ತದ ಶ್ರೇಣಿಗಳು

ಒಂದು ಪೂರ್ಣಾಂಕವನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆಗಳೆಲ್ಲ ಅದರ ಅಪವರ್ತನಗಳು. 1, 2, 3 ಎಂದು ಕ್ರಮವಾಗಿ ಪ್ರತಿ ಸಂಖ್ಯೆಯ ಅಪವರ್ತನಗಳನ್ನೂ ಕೂಡಿ ಬರೆದರೆ 1, 3, 4, 7, 6, 12, 8, 15, 13, 18 ಎಂಬ ಶ್ರೇಣಿ ಸಿಗುತ್ತದೆ. ಗಣಿತದಲ್ಲಿ ಈ ಮೊತ್ತದ ಗುರುತು ಸಿಗ್ಮಾ. ಏರಿಳಿತ ಗೊತ್ತುಗುರಿ ಇಲ್ಲದಂತೆ ಕಂಡರೂ ಒಳಗೊಂದು ಕಟ್ಟುನಿಟ್ಟಿನ ನಿಯಮವಿದೆ: 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಸಿಗ್ಮಾಗಳೂ ಗುಣಿಸಿಕೊಳ್ಳುತ್ತವೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ಹಾದು ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆ 48. ಬ್ಯಾಡಗಿಯ ಮೆಣಸಿನಕಾಯಿ ಲಾರಿಗಳೂ ಇದೇ ರಸ್ತೆ ಹಿಡಿಯುತ್ತವೆ. 48 ಎಂದರೆ 16×3. ಹದಿನಾರರ ಅಪವರ್ತನಗಳಾದ 1, 2, 4, 8, 16 ಕೂಡಿದರೆ 31, ಮೂರರದು 4. ಗುಣಿಸಿದರೆ 124. ಈ ಹೆದ್ದಾರಿಗೆ ನೆಲಮಂಗಲದಲ್ಲಿ ಮಂಗಳೂರು ಕಡೆಯ 75ನೇ ಹೆದ್ದಾರಿ ಬಂದು ಸೇರುತ್ತದೆ. 75 ಎಂದರೆ 25×3. 1, 5, 25 ಕೂಡಿದರೂ 31, ಆದ್ದರಿಂದ ಇದರ ಮೊತ್ತವೂ 124. ಸ್ವಾರಸ್ಯ ಇನ್ನೂ ಇದೆ. 1ನ್ನೂ ಆ ಸಂಖ್ಯೆಯನ್ನೂ ಬಿಟ್ಟು ಉಳಿದ ಅಪವರ್ತನಗಳನ್ನು ಕೂಡಿ ನೋಡಿ: 48ರಿಂದ 75 ಬರುತ್ತದೆ, 75ರಿಂದ 48. ಇಂಥವನ್ನು ಗಣಿತಜ್ಞರು ನಿಶ್ಚಿತಾರ್ಥದ ಸಂಖ್ಯೆಗಳೆನ್ನುತ್ತಾರೆ. ಎಲ್ಲಕ್ಕಿಂತ ಚಿಕ್ಕ ಜೋಡಿ ಇದೇ. ಮುಂದಿನದು 140, 195. ಈವರೆಗೆ ಸಿಕ್ಕ ಪ್ರತಿ ಜೋಡಿಯಲ್ಲೂ ಒಂದು ಸಮ, ಇನ್ನೊಂದು ಬೆಸ.

ಕೂಡುವ ಎರಡು ಹೆದ್ದಾರಿಗಳಿಗೆ 48, 75 ಎಂಬ ಜೋಡಿ ಸಿಕ್ಕಿದ್ದು ಬರೀ ಕಾಕತಾಳೀಯ. 2010ರ ಮರುಸಂಖ್ಯೆಗೆ ಮುಂಚೆ 48 ಮಂಗಳೂರು ರಸ್ತೆಯದಾಗಿತ್ತು, ಹಾವೇರಿಯ ಹೆದ್ದಾರಿ 4 ಆಗಿತ್ತು.

ರಾಣೆಬೆನ್ನೂರಿನಲ್ಲಿ ಸಿಗ್ಮಾದ ಇನ್ನೊಂದು ಸ್ವಾರಸ್ಯ ಸಿಗುತ್ತದೆ. 1974ರಲ್ಲಿ ಘೋಷಣೆಯಾದ ಅಲ್ಲಿನ ಕೃಷ್ಣಮೃಗ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿಲೋಮೀಟರ್. 1, 7, 17, 119 ಕೂಡಿದರೆ 144, ಅಂದರೆ ಹನ್ನೆರಡರ ವರ್ಗ. ಸಿಗ್ಮಾ ಪೂರ್ಣವರ್ಗವಾಗುವ 3, 22, 66, 70, 81 ಮುಂತಾದವುಗಳದೇ ಬೇರೊಂದು ಶ್ರೇಣಿ.

ಸಂಖ್ಯೆಯನ್ನಷ್ಟೇ ಬಿಟ್ಟು ಉಳಿದ ಅಪವರ್ತನಗಳನ್ನು ಕೂಡಿ, ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋಗಬಹುದು. ಹಾವೇರಿಯ ವಾಹನಗಳ ಮೇಲಿನ ಕೆಎ 27 ಬೇಗ ಮುಗಿಯುತ್ತದೆ: 27, 13, 1. ರಾಣೆಬೆನ್ನೂರಿನ ಕೆಎ 68 ತುಸು ದೂರ ನಡೆಯುತ್ತದೆ: 68, 58, 32, 31, 1. ಪರಿಪೂರ್ಣ ಸಂಖ್ಯೆಗಳಾದ 6, 28, 496 ತಮ್ಮಲ್ಲಿಗೇ ಮರಳುತ್ತವೆ. ಸಮವಾದ ಪರಿಪೂರ್ಣ ಸಂಖ್ಯೆಗಳನ್ನು ಕಟ್ಟುವ ಬಗೆಯನ್ನು ಯೂಕ್ಲಿಡ್ ತೋರಿಸಿದ. ಅಂಥವು ಬೇರೆ ಬಗೆಯಲ್ಲಿ ಹುಟ್ಟಲಾರವೆಂದು ಆಯ್ಲರ್ ಸಾಧಿಸಿದ. ಬೆಸ ಪರಿಪೂರ್ಣ ಸಂಖ್ಯೆ ಒಂದೂ ಸಿಕ್ಕಿಲ್ಲ. 220, 284 ಒಂದರಿಂದ ಒಂದಕ್ಕೆ ಓಡಾಡುತ್ತಲೇ ಇರುತ್ತವೆ. 276ರಿಂದ ಹೊರಟ ಶ್ರೇಣಿಯನ್ನು ಕಂಪ್ಯೂಟರುಗಳು ಎರಡು ಸಾವಿರಕ್ಕೂ ಹೆಚ್ಚು ಹೆಜ್ಜೆ ಹಿಂಬಾಲಿಸಿವೆ. ಅದು ಎಲ್ಲಾದರೂ ನಿಲ್ಲುತ್ತದೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.