ಒಂದೇ ಟಿಪ್ಪಣಿ, ಎರಡು ಪ್ರಬಂಧ

ಸಮಾಜವಿಜ್ಞಾನದ ವಿದ್ಯಾರ್ಥಿಗಳು ಸಂಶೋಧನೆಗೆ ತೊಡಗುವ ಮುನ್ನ ಒಂದು ಸಾರಲೇಖವನ್ನು ಬರೆದು ಒಪ್ಪಿಸಬೇಕು. ತಾವು ಏನನ್ನು ಅರಿಯಬಯಸುತ್ತೇವೆ, ಹಿಂದಿನವರು ಅದರ ಬಗೆಗೆ ಏನು ಹೇಳಿದ್ದಾರೆ, ಎಲ್ಲಿಗೆ ಹೋಗಿ ಯಾರನ್ನು ಕೇಳುತ್ತೇವೆ, ಎಷ್ಟು ಕಾಲ ಹಿಡಿದೀತು ಎಂಬುದೆಲ್ಲ ಅದರಲ್ಲಿರಬೇಕು. 2009ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಾವಳಿಯು ಪಿಎಚ್.ಡಿ. ವ್ಯಾಸಂಗಕ್ಕೆ ಕೋರ್ಸ್ ವರ್ಕನ್ನು ಕಡ್ಡಾಯಗೊಳಿಸಿದ ಮೇಲಂತೂ ಈ ಬರವಣಿಗೆ ತರಗತಿಯ ಒಂದು ಅಭ್ಯಾಸವೇ ಆಗಿಬಿಟ್ಟಿದೆ. ಹಲವು ವರ್ಷ ಇಂಥ ಸಾರಲೇಖಗಳನ್ನು ಓದಿದವನು ನಾನು. ಶೀರ್ಷಿಕೆಯ ತುದಿಯಲ್ಲಿ ‘ಒಂದು ಅಧ್ಯಯನ’ ಎಂಬ ಎರಡು ಪದಗಳಿಲ್ಲದ ಸಾರಲೇಖವನ್ನು ಕಂಡದ್ದು ಕಡಿಮೆ. ಆ ಪದಗಳು ಬಂದೆಡೆ ಪ್ರಶ್ನೆಯಿನ್ನೂ ಹುಟ್ಟಿಲ್ಲವೆಂದೇ ಎಷ್ಟೋ ವೇಳೆ ಅರ್ಥ.

ಮಂಡ್ಯದ ಕಡೆಯ ವಿದ್ಯಾರ್ಥಿನಿಯೊಬ್ಬಳು ‘ಗ್ರಾಮೀಣ ಮಹಿಳೆಯರ ಸಾಮಾಜಿಕ-ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’ ಎಂದು ಬರೆದು ತಂದಿದ್ದಳು. ಗುರಿಗಳು, ಪ್ರಾಕ್ಕಲ್ಪನೆ, ವಿಧಾನ, ಅಧ್ಯಾಯಗಳ ವಿಂಗಡಣೆ ಎಲ್ಲವೂ ಅಚ್ಚುಕಟ್ಟು. “ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಯಾವುದಮ್ಮಾ?” ಎಂದೆ. “ಗೊತ್ತಿಲ್ಲದ್ದನ್ನೂ ಬರೆಯಬೇಕೆ ಸಾರ್?” ಎಂದು ಅವಳು ಬೆರಗಾಗಿ ಕೇಳಿದಳು. ಅಂದು ಅವಳಿಗೆ ಹೇಳಿದ ಕಥೆಯನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸರು ಮುಂಬಯಿಗೆ ಹೋಗಿ ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತ ಅವರ ಮೊದಲ ಪುಸ್ತಕ 1942ರಲ್ಲಿ ಹೊರಬಂತು. ಆಮೇಲೆ ಕೊಡಗರನ್ನು ಕುರಿತು ಬೃಹತ್ ಪ್ರಬಂಧವೊಂದನ್ನು ಸಿದ್ಧಪಡಿಸಿ 1944ರಲ್ಲಿ ಡಾಕ್ಟರೇಟ್ ಪಡೆದರು. ಕಂಡದ್ದು, ಕೇಳಿದ್ದು, ಓದಿದ್ದು ಯಾವುದನ್ನೂ ಬಿಡದೆ ದಾಖಲಿಸುವ ಆ ಕಾಲದ ಪರಿಪಾಟಿಗೆ ಅದು ಸೇರಿತ್ತು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಅಲ್ಲಿದ್ದ ರ‍್ಯಾಡ್‌ಕ್ಲಿಫ್-ಬ್ರೌನರು ಅವರಿಗೆ ಹೊಸ ಪ್ರದೇಶವೊಂದನ್ನು ತೋರಿಸಲಿಲ್ಲ. ಕೊಡಗಿನ ಸಾಮಗ್ರಿಯನ್ನೇ ಮತ್ತೆ ಬಿಡಿಸಿ ನೋಡಲು ಹೇಳಿದರು. ಕೊಡಗರ ಧಾರ್ಮಿಕ ಆಚರಣೆಗೂ ಅವರ ಸಮಾಜದ ಕಟ್ಟಡಕ್ಕೂ ಏನು ಸಂಬಂಧ? ಇಷ್ಟೇ ಪ್ರಶ್ನೆ.

ಸಾಮಗ್ರಿ ಹಳೆಯದೇ. ಆದರೆ ಈ ಪ್ರಶ್ನೆಯ ಬೆಳಕು ಬಿದ್ದೊಡನೆ ಅದರ ಚಹರೆ ಬದಲಾಯಿತು. ಪುತ್ತರಿಯಂದು ಹೊಸ ಕದಿರನ್ನು ಮನೆತುಂಬಿಸಿಕೊಳ್ಳುವುದು, ಐನ್‌ಮನೆಯಲ್ಲಿ ಹಿರಿಯರಿಗೆ ನಡೆಯುವ ಆರಾಧನೆ, ಮಡಿ-ಪೊಲೆಗಳ ಕಟ್ಟು, ಇವು ಪಟ್ಟಿಯೊಂದರಲ್ಲಿ ಕೂತರೆ ಬರಿಯ ಪದ್ಧತಿಗಳು. ಅವುಗಳಿಂದ ಒಗ್ಗೂಡುವವರು ಯಾರು, ಹೊರಗುಳಿಯುವವರು ಯಾರು ಎಂದು ಕೇಳಿದರೆ ಒಕ್ಕ, ಊರು, ನಾಡು ಒಂದರಿಂದೊಂದು ಬೆಳೆದು ನಿಲ್ಲುವ ರೀತಿ ಗೋಚರಿಸುತ್ತದೆ. ಈ ಎರಡನೆಯ ಪ್ರಬಂಧ 1947ರಲ್ಲಿ ಮುಗಿಯಿತು. 1952ರಲ್ಲಿ ಪುಸ್ತಕವಾಗಿ ಬಂತು. ಕೆಳಜಾತಿಗಳು ಮೇಲ್ಜಾತಿಗಳ ಆಚಾರವನ್ನು ಅನುಸರಿಸಿ ಮೇಲೇರಲು ಯತ್ನಿಸುವ ಪ್ರಕ್ರಿಯೆಗೆ ‘ಸಂಸ್ಕೃತೀಕರಣ’ವೆಂಬ ಹೆಸರು ಪ್ರಸಿದ್ಧವಾದದ್ದು ಆ ಪುಸ್ತಕದಿಂದ. ಮೊದಲ ಪ್ರಬಂಧವನ್ನು ಇಂದು ತಜ್ಞರಲ್ಲದೆ ಬೇರೆಯವರು ಓದುವುದಿಲ್ಲ.

ಹಾಗಾದರೆ ಪ್ರಶ್ನೆಯನ್ನು ಮೊದಲೇ ಕಟ್ಟಿಕೊಂಡು ಹೋದರೆ ಉತ್ತರವನ್ನೂ ಕಟ್ಟಿಕೊಂಡೇ ಹೋದಂತಲ್ಲವೆ? ಈ ಆಕ್ಷೇಪಣೆ ಹಳೆಯದು. ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಬಹುಕಾಲ ನೆಲಸಿದ್ದ ಮಾಲಿನೋವ್‌ಸ್ಕಿ 1922ರ ತಮ್ಮ ಗ್ರಂಥದ ಪೀಠಿಕೆಯಲ್ಲಿಯೇ ಇದಕ್ಕೆ ಸಮಾಧಾನ ಕೊಟ್ಟಿದ್ದರು. ಮುನ್‌ನಿರ್ಧರಿಸಿದ ಅಭಿಪ್ರಾಯ ಸಂಶೋಧಕನಿಗೆ ಹಾನಿಕರ. ಮುನ್‌ಸೂಚನೆಯಾಗಿ ಹೊಳೆದ ಸಮಸ್ಯೆಗಳಾದರೋ ಅವನ ದೊಡ್ಡ ಬಂಡವಾಳ ಎಂಬುದು ಅವರ ವಾದದ ತಿರುಳು. ಸಾರಲೇಖದಲ್ಲಿ ಇರಬೇಕಾದದ್ದು ಈ ಎರಡನೆಯದು. ನಮ್ಮಲ್ಲಿ ತುಂಬಿರುವುದು ಮೊದಲನೆಯದು.

ಶ್ರೀನಿವಾಸರ ಮುಂದಿನ ಕೆಲಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1948ರಲ್ಲಿ ಅವರು ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ಹೋಗಿ ನೆಲಸಿದರು. ಪುಸ್ತಕದಲ್ಲಿ ಅದಕ್ಕೆ ಇಟ್ಟ ಹೆಸರು ರಾಮಪುರ. ಜಾತಿ ಜಾತಿಗಳು ಒಂದೇ ಊರಿನಲ್ಲಿ ಹೇಗೆ ಬದುಕುತ್ತವೆ ಎಂಬುದನ್ನು ನೋಡಹೋದವರಿಗೆ ಪಾಠ ಹೇಳಿದ್ದು ಬಹುಮಟ್ಟಿಗೆ ಊರಿನ ಜಗಳಗಳು, ನ್ಯಾಯ ತೀರ್ಮಾನಗಳು. ಅಗಸರ ಒಂದು ಜಾತಿವ್ಯಾಜ್ಯವನ್ನು ಕುರಿತ ಅವರ ಲೇಖನ 1954ರಲ್ಲಿಯೂ, ‘ಪ್ರಬಲ ಜಾತಿ’ಯೆಂಬ ಕಲ್ಪನೆಯನ್ನು ರಾಮಪುರದ ನಿದರ್ಶನದಿಂದ ವಿವರಿಸಿದ ಲೇಖನ 1959ರಲ್ಲಿಯೂ ಪ್ರಕಟವಾದವು. ಯಾವ ಸಾರಲೇಖವೂ ಜಗಳಗಳನ್ನು ಮುಂದಾಗಿ ಗೊತ್ತುಮಾಡಲಾರದಷ್ಟೆ.

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿಯಿಟ್ಟಾಗ, ಅನೇಕ ವರ್ಷ ಕುಳಿತು ವಿಂಗಡಿಸಿದ್ದ ರಾಮಪುರದ ಟಿಪ್ಪಣಿಗಳು ಸುಟ್ಟುಹೋದವು. ಸಹೋದ್ಯೋಗಿ ಸಾಲ್ ಟ್ಯಾಕ್ಸ್ ನೆನಪಿನಿಂದಲೇ ಬರೆಯಿರಿ ಎಂದರಂತೆ. ಹಾಗೆ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ, ರೋಚಕವಾಗಿದೆ. ನನಗೆ ಅದಕ್ಕಿಂತ ಹೆಚ್ಚೆನಿಸುವುದು ಅದೇ ಪುಸ್ತಕದಲ್ಲಿ ಅವರು ಮಾಡಿಕೊಂಡ ಇನ್ನೊಂದು ನಿವೇದನೆ. ಅವರು ತಂಗಿದ್ದುದು ಊರ ಪಟೇಲರ ಎತ್ತಿನ ಮನೆಯಲ್ಲಿ. ಅವರು ಬ್ರಾಹ್ಮಣರು. ತಾವು ಕಂಡ ರಾಮಪುರ ಮೇಲ್ಜಾತಿಯವರ ಕಣ್ಣಿನ ರಾಮಪುರ, ಹರಿಜನರ ಕೇರಿಯಿಂದ ಊರು ಹೇಗೆ ಕಾಣುತ್ತದೆಂಬುದು ತಮಗೆ ದಕ್ಕಲಿಲ್ಲ ಎಂದು ಅವರು ಒಪ್ಪಿಕೊಂಡಿದ್ದಾರೆ. ಸಾರಲೇಖಗಳ ಕೊನೆಗೆ ‘ಅಧ್ಯಯನದ ಮಿತಿಗಳು’ ಎಂಬ ತಲೆಬರಹವೊಂದು ಇರುವುದುಂಟು. ಸಮಯಾಭಾವ, ಹಣದ ಅಭಾವ ಎಂದು ನಮ್ಮ ಹುಡುಗರು ಅಲ್ಲಿ ಬರೆಯುತ್ತಾರೆ. ಎತ್ತಿನ ಮನೆಯ ಸುದ್ದಿ ಅಲ್ಲಿಗೆ ಬರುವುದಿಲ್ಲ.

ಆ ವಿದ್ಯಾರ್ಥಿನಿ ಮೂರು ವಾರ ಬಿಟ್ಟು ಬಂದಳು. ಶೀರ್ಷಿಕೆ ಬದಲಾಗಿತ್ತು. ತಮ್ಮೂರಿನ ಹಾಲಿನ ಡೈರಿಯಲ್ಲಿ ಹಾಲು ಕರೆದು ತಂದು ಹಾಕುವವರು ಹೆಂಗಸರು; ಸದಸ್ಯತ್ವ ಯಾರ ಹೆಸರಿನಲ್ಲಿದೆ, ಬಟವಾಡೆಯ ದಿನ ಹಣ ಯಾರ ಕೈಗೆ ಹೋಗುತ್ತದೆ, ಮನೆಯಲ್ಲಿ ಅದರ ಲೆಕ್ಕ ಕೇಳುವವರು ಯಾರು ಎಂಬುದನ್ನು ಮನೆಮನೆಗೆ ಹೋಗಿ ತಿಳಿಯಬೇಕೆಂದಿದ್ದಳು. ‘ಗೊತ್ತಿಲ್ಲ’ ಎಂಬ ಮಾತನ್ನು ಎರಡು ಕಡೆ ಬಳಸಿದ್ದಳು. ಮಿತಿಗಳ ತಲೆಬರಹದ ಕೆಳಗೆ ಇದ್ದುದು ಒಂದೇ ವಾಕ್ಯ: ನಾನು ಈ ಸಂಘದ ಕಾರ್ಯದರ್ಶಿಯ ಮಗಳು, ನಮ್ಮ ತಂದೆ ಬರೆಯುವ ಲೆಕ್ಕದ ಬಗ್ಗೆ ಹೆಂಗಸರು ನನ್ನೆದುರು ಬಾಯಿಬಿಡಲಾರರು, ಆದ್ದರಿಂದ ಪಕ್ಕದ ಊರನ್ನೂ ಸೇರಿಸಿಕೊಂಡಿದ್ದೇನೆ.