ಖೆಡ್ಡಾದ ನೆನಪು, ಹೊಲದ ಕಾವಲು

ಹಾಸನ, ಕೊಡಗಿನ ಕಡೆ ಕಾಡಾನೆ ತುಳಿದು ಯಾರಾದರೂ ಸತ್ತರೆ ಮರುದಿನ ರಸ್ತೆಗಿಳಿಯುವವರು ಕೇಳುವುದು ಒಂದನ್ನೇ: ಆನೆಗಳನ್ನೆಲ್ಲ ಹಿಡಿದು ಸಾಗಿಸಿ. ಅದರ ಬೆನ್ನಿಗೇ ಹಿರಿಯರ ಮಾತೊಂದು ಬರುತ್ತದೆ: ಮಹಾರಾಜರ ಕಾಲದಲ್ಲಿ ಖೆಡ್ಡಾ ಇತ್ತು, ಆನೆಗಳು ಹದ್ದುಬಸ್ತಿನಲ್ಲಿದ್ದವು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಕಾಡಾನೆಗಳನ್ನು ಗುಂಪಾಗಿ ಅಟ್ಟಿ ಹಿಡಿಯುತ್ತಿದ್ದ ಆ ಖೆಡ್ಡಾದ ಚರಿತ್ರೆ ಈ ನೆನಪನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ.

ಮೈಸೂರಿನ ಖೆಡ್ಡಾ ಶುರುವಾದದ್ದೇ ಮಹಾರಾಜರ ಆಳ್ವಿಕೆಯಲ್ಲಲ್ಲ, ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ. ನೀರಾವರಿ ಕೆಲಸದಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಹಿಂಡನ್ನೇ ಅಟ್ಟಿ ಹಿಡಿದು ತೋರಿಸಿದ. ಮುಂದೆ ಕಾಕನಕೋಟೆಯಲ್ಲಿ ಕಬಿನಿ ಹೊಳೆಗೆ ಆನೆಗಳನ್ನು ಇಳಿಸಿ ಹಿಡಿಯುವುದು ವೈಸರಾಯರುಗಳು ನೋಡಬರುವ ವೈಭವವಾಯಿತು. ಅಲ್ಲಿ ಬೇಕಿದ್ದದ್ದು ದಿಮ್ಮಿ ಎಳೆಯುವ, ಮೆರವಣಿಗೆಗೆ ನಿಲ್ಲುವ, ಮಾರಿದರೆ ಹಣ ತರುವ ಆನೆ. ಬೆಳೆಗೆ ಕಾಟ ತಗ್ಗುವುದು ಅದರ ಜೊತೆಗೆ ಬರುವ ಲಾಭವಾಗಿದ್ದಿರಬಹುದು. ಆದರೆ ಅಟ್ಟುವ ಜಾಗವನ್ನು ಗೊತ್ತುಮಾಡುತ್ತಿದ್ದದ್ದು ಹೊಳೆಯ ತಿರುವು, ದಡದ ಇಳಿಜಾರು. ರೈತನ ದೂರು ನೋಡಿ ಯಾರೂ ಅಲ್ಲಿಗೆ ಬರಲಿಲ್ಲ. ಇನ್ನೊಂದು ಸಂಗತಿಯೂ ಇದೆ. ಖೆಡ್ಡಾಕ್ಕೆ ಸಿಗುತ್ತಿದ್ದದ್ದು ಮುಖ್ಯವಾಗಿ ಹೆಣ್ಣಾನೆ, ಮರಿಗಳ ಹಿಂಡು. ಹೊಲಕ್ಕೆ ನುಗ್ಗುವುದರಲ್ಲಿ ಮುಂದಿರುವುದು ಗಂಡಾನೆ. 1980ರ ದಶಕದ ಆರಂಭದಲ್ಲಿ ಇದೇ ಚಾಮರಾಜನಗರದ ಸೀಮೆಯಲ್ಲಿ ಆನೆಗಳ ಅಧ್ಯಯನ ಮಾಡಿದ ವಿಜ್ಞಾನಿ ರಾಮನ್ ಸುಕುಮಾರ್, ಹಿಂಡಿನ ಹೆಣ್ಣಾನೆಗಿಂತ ವಯಸ್ಕ ಸಲಗ ಹಲವು ಪಟ್ಟು ಹೆಚ್ಚು ರಾತ್ರಿ ಹೊಲಕ್ಕೆ ಇಳಿಯುತ್ತದೆಂದು ಕಂಡುಕೊಂಡರು. ಅಂದರೆ ಖೆಡ್ಡಾದ ಬಲೆಗೆ ಬೀಳುತ್ತಿದ್ದದ್ದು ಬಹುಮಟ್ಟಿಗೆ ಕಡಿಮೆ ಕಾಟದ ಆನೆ.

ಹಾಗಾದರೆ ಬೆಳೆ ಉಳಿಸಿದವರಾರು? ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕೂತವರು, ತಮಟೆ ಬಡಿದು ಪಂಜು ಹಿಡಿದವರು. ಈ ದುಡಿಮೆಗೆ ಯಾವ ದಫ್ತರದಲ್ಲೂ ಲೆಕ್ಕವಿಲ್ಲ, ಅದಕ್ಕೇ ಖೆಡ್ಡಾದ ಫೋಟೋಗಳೆದುರು ಅದು ಮರೆತುಹೋಗಿದೆ.

ಆಗ ಕೊಲ್ಲಲಾದರೂ ಅವಕಾಶವಿತ್ತಲ್ಲ ಎನ್ನುವವರಿದ್ದಾರೆ. ನಿಜ. ಆನೆಯನ್ನು ಕೊಲ್ಲಬಾರದೆಂದ 1879ರ ಕಾಯ್ದೆಯೇ ಬೆಳೆ ಹಾಳುಮಾಡುತ್ತಿರುವ ಆನೆಗೆ ವಿನಾಯಿತಿ ಇಟ್ಟಿತ್ತು. 1977ರಲ್ಲಿ ಆನೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದಾಗ ಆ ದಾರಿ ಬಹುತೇಕ ಮುಚ್ಚಿತು. ಆದರೆ ಅದೇ ದಶಕದಲ್ಲಿ ನೆಲವೂ ಬದಲಾಯಿತೆಂಬುದನ್ನು ಬಿಡುವಂತಿಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕೆಲವೇ ವರ್ಷಗಳಲ್ಲಿ ಆ ಜಾಗವೇ ಕಬಿನಿ ಜಲಾಶಯದ ನೀರಿನಡಿ ಸೇರಿತು. ಅತ್ತ ಹೇಮಾವತಿಯಲ್ಲೂ ಅಣೆಕಟ್ಟು ಎದ್ದಿತು. ಈಗ ಆಲೂರು, ಸಕಲೇಶಪುರದ ಆನೆ ಹಗಲು ಕಾಫಿ ತೋಟದ ನೆರಳಲ್ಲಿ ನಿಂತು, ಇರುಳಾದರೆ ಗದ್ದೆಗೆ ಇಳಿಯುತ್ತದೆ. ಓಡಿಸಬೇಕೆಂದರೂ ಎಲ್ಲಿಗೆ ಓಡಿಸುವುದು?

ಹಿಡಿಯುವ ಪ್ರಯೋಗ ನಮ್ಮ ಕಾಲದಲ್ಲೂ ಆಗಿದೆ. ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲಿ ರಾಜ್ಯವನ್ನು ಆನೆ ಉಳಿಯಬೇಕಾದ, ಜನರೊಡನೆ ಬಾಳಬೇಕಾದ, ತೆರವಾಗಬೇಕಾದ ವಲಯಗಳೆಂದು ವಿಂಗಡಿಸಿತು. ಆಲೂರಿನ ಸುತ್ತಲ ಪ್ರದೇಶ ಬಂದದ್ದು ಕೊನೆಯದಕ್ಕೆ. ಅದರಂತೆ 2014ರ ಹೊತ್ತಿಗೆ 22 ಆನೆಗಳನ್ನು ಹಿಡಿದರು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಬಂದು ಸೇರಿಕೊಂಡವು, ಯಾಕೆಂದರೆ ಮೇವು, ನೀರು, ಮರೆ ಮೂರೂ ಅಲ್ಲೇ ಇದ್ದವು. ಜನರ ಜೀವಕ್ಕೇ ಎರವಾದ ಒಂಟಿ ಸಲಗವನ್ನು ಗುರುತಿಸಿ ಹಿಡಿಯುವುದಕ್ಕೆ ನನ್ನ ತಕರಾರಿಲ್ಲ. ಅದು ಬೇರೆ ಕೆಲಸ, ಬೇಗ ಆಗಬೇಕಾದ ಕೆಲಸ.

ಹಿಡಿಯುವ ಬದಲು ತಡೆಯೋಣವೆಂದರೆ, ಕಂದಕ ಮಳೆಗೆ ಕುಸಿಯುತ್ತದೆ, ಸೋಲಾರ್ ತಂತಿ ನೋಡಿಕೊಳ್ಳುವವರಿಲ್ಲದಿದ್ದರೆ ಸತ್ತ ತಂತಿ. ರೈಲು ಕಂಬಿಯ ತಡೆಬೇಲಿ ಗಟ್ಟಿ, ಆದರೆ ದುಬಾರಿ. ಆನೆ ಎಲ್ಲಿದೆಯೆಂದು ಮೊಬೈಲಿಗೆ ಸಂದೇಶ ಕಳಿಸುವ ಹಾಸನದ ಏರ್ಪಾಡು ಮುಂಜಾನೆ ತೋಟಕ್ಕೆ ಹೊರಟ ಕೂಲಿಯವರ ಜೀವ ಕಾಯಬಲ್ಲದು, ಭತ್ತವನ್ನು ಕಾಯಲಾರದು. ಭತ್ತಕ್ಕೆ ಇವತ್ತಿಗೂ ರಾತ್ರಿ ಕಾವಲುಗಾರ ಬೇಕು. ಅವನ ಕೂಲಿ ರೈತನ ತಲೆಗೇ ಬೀಳುವ ಬದಲು ಸರ್ಕಾರ ಅದನ್ನು ಪರಿಹಾರದ ಬಾಬಿನಲ್ಲೇ ಸೇರಿಸಿ ಕೊಡಬೇಕು.