ಬರ್ನೌಲಿಯ ನಿಯಮವೂ ಬೊರೆಲನ ನಿಯಮವೂ: ಅಭಿಸರಣೆಯ ಎರಡು ಅರ್ಥಗಳು

ಪ್ರಯೋಗಗಳ ಸಂಖ್ಯೆ ಹೆಚ್ಚಿದಂತೆಲ್ಲ ಘಟನೆಯೊಂದು ಸಂಭವಿಸುವ ಪ್ರಮಾಣವು ಅದರ ಸಂಭವನೀಯತೆಯನ್ನು ಸಮೀಪಿಸುತ್ತದೆಂಬುದು ಪ್ರಸಿದ್ಧ ನಿಯಮ. ಇದನ್ನು ಜೇಕಬ್ ಬರ್ನೌಲಿಯೇ ಪೂರ್ಣವಾಗಿ ಸಾಧಿಸಿದನೆಂದು ಹೇಳುವುದು ವಾಡಿಕೆಯಾಗಿದೆ. ‘ಸಮೀಪಿಸುತ್ತದೆ’ ಎಂಬ ಮಾತಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳಿರುವುದರಿಂದ ಈ ಹೇಳಿಕೆಯನ್ನು ಪರಿಶೀಲಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಬರ್ನೌಲಿಯ ಗ್ರಂಥವು ಅವನ ಮರಣಾನಂತರ, 1713ರಲ್ಲಿ, ಬಾಸೆಲ್ ನಗರದಲ್ಲಿ ಪ್ರಕಟವಾಯಿತು. ಅದರಲ್ಲಿಯ ಒಂದು ಉದಾಹರಣೆಯಲ್ಲಿ ಸಂಭವನೀಯತೆ 3/5. ಪ್ರಮಾಣವು 29/50 ಮತ್ತು 31/50ರ ಮೇರೆಯೊಳಗಿರುವ ಸಂಭವವು ಹೊರಗಿರುವ ಸಂಭವದ ಸಾವಿರ ಪಾಲನ್ನು ಮೀರಲು 25,550 ಪ್ರಯೋಗಗಳು ಸಾಕೆಂದು ಅವನು ಗಣಿಸಿದನು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಮಾತು ಗೊತ್ತುಪಡಿಸಿದ ಒಂದು ಘಟ್ಟಕ್ಕೆ ಮಾತ್ರ ಸಂಬಂಧಿಸಿದ್ದು. ಅದೇ ಪ್ರಯೋಗಮಾಲೆ ಅನಂತವಾಗಿ ಮುಂದುವರಿದಾಗ ಪ್ರಮಾಣವು ಮರಳಿ ಮರಳಿ ಮೇರೆ ಮೀರುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ಬರ್ನೌಲಿಯ ಪ್ರಮೇಯವು ಮುಟ್ಟುವುದಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು 1909ರಲ್ಲಿ ಫ್ರಾನ್ಸಿನ ಎಮಿಲ್ ಬೊರೆಲನು ಕೊಟ್ಟನು. 0 ಮತ್ತು 1ರ ನಡುವಣ ಸಂಖ್ಯೆಯೊಂದನ್ನು ದ್ವಿಮಾನದಲ್ಲಿ ಬರೆದರೆ, ಅದರ ಅಂಕಿಗಳಲ್ಲಿ 1ರ ಪ್ರಮಾಣವು ಅರ್ಧಕ್ಕೆ ಅಭಿಸರಿಸುವ ಸಂಭವನೀಯತೆ ಪೂರ್ಣ 1 ಎಂಬುದು ಅವನ ಪ್ರತಿಪಾದನೆ. ಮೇರೆ ಎಷ್ಟೇ ಕಿರಿದಾಗಿರಲಿ, ಒಂದು ಘಟ್ಟದಿಂದಾಚೆಗೆ ಇಡೀ ಅನುಕ್ರಮವೇ ಅದರೊಳಗೆ ನೆಲೆಗೊಳ್ಳುತ್ತದೆ. ಬೊರೆಲನ ಉಪಪತ್ತಿಯಲ್ಲಿ ಲೋಪಗಳಿದ್ದವು. ಫಾಬರನು 1910ರಲ್ಲಿಯೂ ಹೌಸ್‌ಡಾರ್ಫನು 1914ರಲ್ಲಿಯೂ ನಿರ್ದುಷ್ಟವಾದ ಉಪಪತ್ತಿಗಳನ್ನು ಒದಗಿಸಿದರು.

ಈ ಭೇದವು ಬರಿಯ ಮಾತಿನ ಭೇದವಲ್ಲ. ಪರಸ್ಪರ ಸ್ವತಂತ್ರವಾದ ಯಾದೃಚ್ಛಿಕ ಚರಗಳ ಅನುಕ್ರಮವೊಂದನ್ನು ತೆಗೆದುಕೊಳ್ಳೋಣ. ಎರಡನೆಯ ಚರದ ಬೆಲೆ 1 ಆಗುವ ಸಂಭವನೀಯತೆ 1/2, ಮೂರನೆಯದರಲ್ಲಿ 1/3, ಸಾವಿರನೆಯದರಲ್ಲಿ 1/1000. ಉಳಿದಂತೆ ಬೆಲೆ ಸೊನ್ನೆ. ಘಟ್ಟಘಟ್ಟವಾಗಿ ನೋಡಿದರೆ ಅನುಕ್ರಮವು ಸೊನ್ನೆಯನ್ನು ಸಮೀಪಿಸುತ್ತದೆ. ಇದು ಬರ್ನೌಲಿಯ ಅರ್ಥ. ಆದರೆ ಆ ಭಿನ್ನರಾಶಿಗಳ ಮೊತ್ತಕ್ಕೆ ಮಿತಿಯಿಲ್ಲವಾದ್ದರಿಂದ, 1 ಎಂಬ ಬೆಲೆಯು ಅನಂತ ಸಲ ಮರಳಿ ಬರುವ ಸಂಭವನೀಯತೆ 1. ಬೊರೆಲನ ಅರ್ಥದಲ್ಲಿ ಇಲ್ಲಿ ಅಭಿಸರಣೆಯೇ ಇಲ್ಲ.

ಮೊದಲನೆಯ ಬಗೆಯನ್ನು ರಷ್ಯದ ಸ್ಲುಟ್ಸ್ಕಿಯು 1925ರಲ್ಲಿ ವಿಶದವಾಗಿ ವಿವೇಚಿಸಿದನು. 1933ರಲ್ಲಿ ಕೊಲ್ಮೊಗೊರೊವನು ಸಂಭವನೀಯತೆಯನ್ನು ಮಾಪನ ಸಿದ್ಧಾಂತದ ತಳಹದಿಯ ಮೇಲೆ ನಿಲ್ಲಿಸಿದ ಬಳಿಕ ಎರಡು ಬಗೆಗಳಿಗೂ ಒಂದೇ ಚೌಕಟ್ಟು ದೊರೆಯಿತು.

ಆದುದರಿಂದ ಬೊರೆಲನ ಫಲಿತಾಂಶವನ್ನು ಬರ್ನೌಲಿಗೆ ಆರೋಪಿಸುವುದು ಇತಿಹಾಸಕ್ಕೆ ಒಪ್ಪುವುದಿಲ್ಲ. ಹಾಗೆ ಮಾಡಿದರೆ ಸುಮಾರು ಇನ್ನೂರು ವರ್ಷಗಳ ಚಿಂತನೆ ಅನಾವಶ್ಯಕವೆನಿಸುತ್ತದೆ. ಬರ್ನೌಲಿಯ ಹಿರಿಮೆಗೆ ಇದರಿಂದ ಕುಂದಿಲ್ಲ. ಎಷ್ಟು ಪ್ರಯೋಗಗಳು ಸಾಕೆಂಬುದನ್ನು ಅಂಕಿಯಲ್ಲಿ ಹೇಳಿದವನು ಅವನು; ಬೊರೆಲನ ನಿಯಮವು ‘ಒಂದು ಘಟ್ಟ’ ಉಂಟೆಂದು ಹೇಳುತ್ತದೆಯೇ ಹೊರತು ಅದು ಯಾವುದೆಂದು ತಿಳಿಸುವುದಿಲ್ಲ.